ಹಸಿವಿಲ್ಲದ ನಲವತ್ತು ಜನ

ಟ್ರಕ್ಕಿನ ಮೂತಿ ನನ್ನ ಎದೆಗೆ ತಾಗಿತು.

ತಾಗಿ ನಿಂತಿತು... ಸದ್ಯ!

ಇನ್ನೊಂದು ಗೇಣು ಮುಂದೆ ಬಂದಿದ್ದರೆ ನಿಮಗೆ ಈ ಕತೆ ಹೇಳಲು ನಾನು ಇರುತ್ತಿರಲಿಲ್ಲ. ಬೆಳಗಿನ ಒಂಬತ್ತು ಗಂಟೆ. ಬೆಟ್ಟ ಹತ್ತುವ ದಾರಿಯ ಕೊನೆಯ ತಿರುವು. ಎಡಕ್ಕೆ ಬಂಡೆ, ಬಲಕ್ಕೆ ಪ್ರಪಾತ. ನಡುವೆ ಒಂದೇ ಗಾಡಿ ಹಿಡಿಸುವಷ್ಟು ಮಣ್ಣುರಸ್ತೆ. ರಸ್ತೆಯ ನಡುವೆ ನಾನು, ಕೈಯಲ್ಲೊಂದು ದೊಣ್ಣೆ ಹಿಡಿದುಕೊಂಡು.

ಹಿಂದೆ ಇನ್ನೂ ಐದು ಟ್ರಕ್. ಒಂದೇ ಸಮನೆ ಹಾರ್ನ್. ಎಲ್ಲದರಲ್ಲೂ ಮೂರು ಮೂರು ಅಂತಸ್ತು. ಅಂತಸ್ತಿನ ತುಂಬ ಕುರಿ.

ಡ್ರೈವರ್ ಪಕ್ಕದ ಕಿಟಕಿಯಿಂದ ಒಂದು ತಲೆ ಹೊರಗೆ ಬಂತು. ಬೂಜ್ಮಾ! ಪೇಟೆಯ ಕುರಿ ವ್ಯಾಪಾರಿ ಹಾಜ್ ಮೈಮೂನನ ಬಲಗೈ. ಅವನ ತೊಡೆಯ ಮೇಲೆ ಹಂದಿ ಹೊಡೆಯುವ ಜೋಡಿ ನಳಿಗೆಯ ಕೋವಿ ಮಲಗಿತ್ತು.

"ಸಾಯೋಕೆ ಬೇರೆ ಜಾಗ ಸಿಗ್ಲಿಲ್ವಾ ಮಾವ?"

"ಗಾಡಿ ತಿರುಗಿಸು."

"ಯಾಕೆ?"

"ಅಗ್ದಾಲ್ ಮುಚ್ಚಿದೆ!"

"ಗೊತ್ತು. ಅದಕ್ಕೇ ದಂಡ ಕಟ್ಟಿದೀವಲ್ಲ!"

ಅವನು ಒಂದು ಕಾಗದ ಚಾಚಿದ. ರಸೀದಿ. ಕೆಳಗೆ ಸಹಿ. ಸಹಿಯ ಮೇಲೆ ನೀಲಿ ಮೊಹರು.

ಸಹಿ ನನ್ನದು. ಮೊಹರೂ ನನ್ನದೇ!

ನನ್ನ ಹೆಸರು ಜಾಯಿದ್. ಹದಿನೈದು ವರ್ಷ ಸರಕಾರದ ಸಹಾಯಕ ಪಡೆಯಲ್ಲಿ ಲಾಠಿ ಬೀಸಿದವನು. ಮೂಗು ಎರಡು ಸಲ ಮುರಿದಿದೆ. ಈಗ ನಮ್ಮ ಊರಿನ 'ಹುಲ್ಲಿನ ಯಜಮಾನ'. ನಗಬೇಡಿ. ನಮ್ಮ ಅಟ್ಲಾಸ್ ಬೆಟ್ಟದಲ್ಲಿ ಅದು ದೊಡ್ಡ ಹುದ್ದೆ. ಹುಲ್ಲು ಕಾಯುವುದು ಹುಡುಗಾಟವಲ್ಲ.

ಊರಿನ ನಲವತ್ತು ಮನೆಗೂ ಸೇರಿದ ಮೇಲಿನ ಹುಲ್ಲುಗಾವಲೇ ಅಗ್ದಾಲ್. ಮಾರ್ಚ್ ಕೊನೆಗೆ ಅದಕ್ಕೆ ಬೀಗ. ಬೇಲಿ ಇಲ್ಲ, ಗೇಟಿಲ್ಲ. ಬರೀ ಬಾಯಿಮಾತಿನ ಬೀಗ. ಹುಲ್ಲು ಎದ್ದು, ಹೂಬಿಟ್ಟು, ಬೀಜ ಉದುರಿಸುವವರೆಗೆ ಒಂದು ಗೊರಸೂ ಒಳಗೆ ಬೀಳಬಾರದು. ಜುಲೈ ಹತ್ತಕ್ಕೆ ಎಲ್ಲರಿಗೂ ಒಟ್ಟಿಗೆ ತೆರೆಯುತ್ತದೆ. ಅಂದು ಜೂನ್ ಇಪ್ಪತ್ತೆಂಟು. ಇನ್ನೂ ಹನ್ನೆರಡು ದಿನ ಬಾಕಿ ಇತ್ತು.

ಬೀಜ ಉದುರದ ಹುಲ್ಲನ್ನು ಎರಡು ಸಾವಿರ ಕುರಿ ತಿಂದರೆ ಏನಾಗುತ್ತದೆ? ಮುಂದಿನ ವರ್ಷ ಅಲ್ಲಿ ಧೂಳು ಬೆಳೆಯುತ್ತದೆ.

"ಪಕ್ಕಕ್ಕೆ ಸರಿ ಮಾವ," ಎಂದ ಬೂಜ್ಮಾ. ಕೋವಿಯ ಮೇಲೆ ಕೈಯಿಟ್ಟ. "ನೀನೇ ಕೊಟ್ಟಿರೋ ಪರ್ಮಿಟ್‌ಗೆ ನೀನೇ ಅಡ್ಡ ನಿಂತ್ರೆ ಜನ ನಗ್ತಾರೆ."

ಎಂಜಿನ್ ಗುರ್ ಎಂದಿತು. ಮೂತಿ ನನ್ನ ಎದೆಯನ್ನು ಮೆಲ್ಲಗೆ ತಳ್ಳಿತು. ಒಂದು ಹೆಜ್ಜೆ... ಎರಡು ಹೆಜ್ಜೆ...

ನಾನು ಬಂಡೆಗೆ ಅಂಟಿಕೊಂಡೆ. ಆರು ಟ್ರಕ್ ನನ್ನ ಮೂಗಿನ ಮುಂದೆಯೇ ಹಾದುಹೋದವು. ಮಧ್ಯಾಹ್ನ ಇನ್ನೊಂದು ಟ್ರಿಪ್ ಬಂತು.

ಆ ರಸೀದಿಯ ವಿಷಯ ಹೇಳಿಬಿಡುತ್ತೇನೆ. ಹೇಳಲು ನಾಚಿಕೆ ಆಗುತ್ತದೆ. ಆದರೂ ಹೇಳುತ್ತೇನೆ.

ಮೊದಲು ನಮ್ಮಲ್ಲಿ ದುಡ್ಡಿನ ದಂಡ ಇರಲಿಲ್ಲ. ಬೀಗ ಮುರಿದವನ ಮನೆಗೆ ನಲವತ್ತು ಮನೆಯವರೂ ಹೋಗಿ ಕೂರುತ್ತಿದ್ದರು. ಜಗಳವಿಲ್ಲ, ಬೈಗುಳವಿಲ್ಲ. ಸುಮ್ಮನೆ ಕೂರುವುದು. ತಪ್ಪು ಮಾಡಿದವನು ಕುರಿ ಕಡಿದು ಅಡುಗೆ ಮಾಡಿಸಬೇಕು. ತಾನೇ ಹೂಜಿ, ಬೋಗುಣಿ ಹಿಡಿದು ಒಬ್ಬೊಬ್ಬರ ಮುಂದೆಯೂ ಬಗ್ಗಿ ಕೈಗೆ ನೀರು ಹಾಕಬೇಕು. ಅವರು ಉಣ್ಣುತ್ತಾರೆ. ಎದ್ದು ಹೋಗುತ್ತಾರೆ. ಅಷ್ಟೇ.

ನನಗೆ ಹನ್ನೆರಡು ವರ್ಷವಿದ್ದಾಗ ನಮ್ಮಪ್ಪ ನೀರು ಹಾಕಿದ್ದ.

ಕಾಯಿಲೆ ಬಿದ್ದ ಕುರಿಗಳನ್ನು ಎರಡು ದಿನ ಮೊದಲೇ ಮೇಲಕ್ಕೆ ಹೊಡೆದಿದ್ದ. ಅಷ್ಟಕ್ಕೇ! ನಲವತ್ತು ಜನರ ಮುಂದೆ ಅವನು ಬಗ್ಗಿದ್ದನ್ನು ನಾನು ಮಾಳಿಗೆಯಿಂದ ನೋಡಿದೆ. ಅವತ್ತು ಹೊಟ್ಟೆಯಲ್ಲಿ ಬಿದ್ದ ಬೆಂಕಿ ಮೂವತ್ತು ವರ್ಷ ಉರಿಯಿತು. ಹುಲ್ಲಿನ ಯಜಮಾನನಾದ ವರ್ಷವೇ ನಾನು ಸಭೆಯಲ್ಲಿ ಎದ್ದು ನಿಂತೆ. "ಇದೆಂಥ ಅನಾಗರಿಕ ಪದ್ಧತಿ? ಹಿಂಡಿಗೆ ದಿನಕ್ಕೆ ಮುನ್ನೂರು ದಿರ್ಹಂ ದಂಡ ಹಾಕಿ. ರಸೀದಿ ಕೊಡಿ. ಮರ್ಯಾದೆಯಿಂದ ಮುಗಿಸಿ!" ಎಂದೆ. ನನ್ನ ಸೋದರತ್ತೆ ತೂಡಾ ಒಬ್ಬಳೇ ಬೇಡ ಎಂದಳು. ಎಲ್ಲರೂ ಒಪ್ಪಿದರು. ಪೇಟೆಗೆ ಹೋಗಿ ಮೊಹರು ಮಾಡಿಸಿಕೊಂಡು ಬಂದೆ.

ಮೈಮೂನನ ಅಜ್ಜ ನಮ್ಮ ಊರಿನವನು. ಹಾಗಾಗಿ ಅಗ್ದಾಲ್ ಮೇಲೆ ಅವನಿಗೂ ಹಕ್ಕಿದೆ. ಟ್ರಕ್ ಬರುವ ಮೊದಲಿನ ಗುರುವಾರ ಬೂಜ್ಮಾ ನನ್ನ ಮನೆಗೆ ಲಕೋಟೆ ತಂದ. "ಹಾಜಿ ಕಳಿಸಿದಾರೆ, ಹನ್ನೆರಡು ದಿನದ ದಂಡ," ಎಂದ. ವಸಂತದಲ್ಲಿ ಅವರ ಕುರಿ ಎಲ್ಲೋ ನುಗ್ಗಿರಬೇಕು, ನನ್ನ ಕಣ್ಣಿಗೆ ಬಿದ್ದಿಲ್ಲ, ದೊಡ್ಡ ಮನುಷ್ಯ ತಾನಾಗಿಯೇ ಕಟ್ಟುತ್ತಿದ್ದಾನೆ ಎಂದುಕೊಂಡೆ. ನೋಡಿ, ನನ್ನ ಕಾನೂನು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಬೀಗಿದೆ! ತಾರೀಖು ಬರೆಯದೆ ಮೊಹರು ಒತ್ತಿದೆ.

ಒಂದು ಹಿಂಡಿನಲ್ಲಿ ಎಷ್ಟು ಕುರಿ ಎಂದೂ ನನ್ನ ಕಾನೂನಿನಲ್ಲಿ ಬರೆದಿರಲಿಲ್ಲ. ಎರಡು ಸಾವಿರ ಕುರಿಯೂ ಒಂದೇ ಹಿಂಡು!

ಠಾಣೆಗೆ ಹೋದೆ. ಸಾರ್ಜೆಂಟ್ ಎಲ್ಲ ಕೇಳಿಸಿಕೊಂಡ. ಕೊನೆಗೆ ಒಂದೇ ಪ್ರಶ್ನೆ ಕೇಳಿದ.

"ದುಡ್ಡು ತಗೊಂಡಿದೀಯಾ?"

"ತಗೊಂಡಿದೀನಿ. ಆದ್ರೆ..."

"ಮತ್ತೇನಯ್ಯ? ಬಾಗಿಲು ಹಾಕ್ಕೊಂಡು ಹೋಗು. ಧೂಳು ಬರತ್ತೆ."

ಅಲ್ಲಿಂದ ನೇರ ಮೈಮೂನನ ಗೋದಾಮಿಗೆ. ಬಾರ್ಲಿ ಮೂಟೆಗಳ ನಡುವೆ ಬಿಳಿ ಜುಬ್ಬಾ ತೊಟ್ಟು ಕೂತಿದ್ದ. ದುಂಡು ಮುಖ, ನಗುವ ಕಣ್ಣು. ಕೆಟ್ಟವನ ಹಾಗೆ ಕಾಣುವುದೇ ಇಲ್ಲ.

"ಬಾ ಜಾಯಿದ್, ಕೂತ್ಕೋ. ಪುದೀನ ಟೀ ಕುಡಿ."

"ಕುರಿ ಇಳಿಸಿ ಹಾಜಿ."

"ಯಾಕಪ್ಪ? ನಾನೇನು ಕದ್ದು ಬಂದ್ನಾ? ಹಾಡಹಗಲು ಬಂದೆ. ಕಾಸು ಕೊಟ್ಟು ಬಂದೆ."

"ಅದು ದಂಡ ಹಾಜಿ. ಬಾಡಿಗೆ ಅಲ್ಲ!"

"ವ್ಯತ್ಯಾಸ ಏನು, ಹೇಳು ನೋಡೋಣ?"

ನಾನು ಬಾಯಿ ತೆರೆಯುವ ಮೊದಲೇ ಅವನು ಟೀ ಪಾತ್ರೆ ಎತ್ತಿಕೊಂಡ.

"ಎರಡರಲ್ಲೂ ನಾನು ಕೊಡ್ತೀನಿ, ನೀನು ತಗೋತೀಯ," ಎಂದು ಅವನು ಎತ್ತರದಿಂದ ಲೋಟಕ್ಕೆ ಟೀ ಸುರಿದ. "ಬೆಲೆ ಹಾಕಿದ್ದು ಯಾರು? ನಾನಾ?"

"ಬೀಜ ಉದುರಿಲ್ಲ. ಈಗ ಮೇಯ್ಸಿದ್ರೆ ಮುಂದಿನ ವರ್ಷ ಹುಲ್ಲೇ ಏಳಲ್ಲ."

"ಮುಂದಿನ ವರ್ಷ!" ಮೊದಲ ಸಲ ಅವನ ನಗು ಮಾಯವಾಯಿತು. "ಮೂರು ವರ್ಷದಿಂದ ಮಳೆ ಮುಖ ನೋಡಿಲ್ಲ. ಬಾರ್ಲಿ ರೇಟು ಕೇಳಿದೀಯಾ? ನನ್ನ ಹತ್ರ ಎರಡು ಸಾವಿರ ಬಾಯಿ ಇದಾವೆ ಜಾಯಿದ್. ಇಪ್ಪತ್ತು ಜನ ಕುರಿ ಕಾಯೋರು ಸಂಬಳಕ್ಕಿದಾರೆ. ಅವರ ಮಕ್ಕಳಿಗೆ ಊಟ ಮುಂದಿನ ವರ್ಷ ಹಾಕ್ಲಾ?"

ಸುಳ್ಳಾಡಲಾರೆ. ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಅದೇ ನನ್ನನ್ನು ಜಾಸ್ತಿ ಉರಿಸಿತು.

"ಊರಿನವರು ಏನು ತಿನ್ನಬೇಕು?"

"ನೀನು ನನ್ನ ಹತ್ರ ಕೆಲಸಕ್ಕೆ ಬಂದ್ಬಿಡು. ಟ್ರಕ್ಕಿನ ಉಸ್ತುವಾರಿ. ಒಳ್ಳೇ ಸಂಬಳ." ಅವನು ಎದ್ದು ನನ್ನ ಭುಜ ತಟ್ಟಿದ. "ಯೋಚನೆ ಮಾಡು. ಶುಕ್ರವಾರ ನನ್ನ ಮಗನ ನಿಶ್ಚಿತಾರ್ಥದ ಊಟ ಇದೆ. ಶರೀಫರ ಮನೆತನದೋರು ಬರ್ತಿದಾರೆ. ಅದು ಮುಗೀಲಿ, ಮಾತಾಡೋಣ. ಆಮೇಲೆ... ನಿನ್ನ ಮೊಪೆಡ್ ಹಳೇದು. ಬ್ರೇಕ್ ನೋಡ್ಕೋ. ನಿಮ್ಮ ದಾರೀಲಿ ಇಳಿಜಾರು ಜಾಸ್ತಿ."

ಟೀ ಮುಟ್ಟದೆ ಹೊರಬಂದೆ.

ಬುಧವಾರ ಮಧ್ಯಾಹ್ನ ಒಬ್ಬನೇ ಮೇಲಕ್ಕೆ ಹೋದೆ. ಪ್ಲಾನ್ ಸರಳ. ಕುರಿಗಳನ್ನು ಬೆದರಿಸಿ ಆಚೆ ಇಳಿಜಾರಿಗೆ ಓಡಿಸುವುದು. ಒಂದು ಸಲ ಮಂದೆ ಚೆದುರಿದರೆ ಕೂಡಿಸಲು ಅವರಿಗೆ ಎರಡು ದಿನ ಬೇಕು.

ದಿಬ್ಬ ಹತ್ತಿ ನೋಡಿದೆ...

ನಾಲ್ಕೇ ದಿನ! ಮೊಣಕಾಲೆತ್ತರದ ಹುಲ್ಲು ಎಲ್ಲಿತ್ತೋ ಅಲ್ಲಿ ಬೋಳು ನೆಲ. ಕುರಿಗಳು ಬುಡದವರೆಗೆ ಕಚ್ಚಿ, ಬುಡ ಮುಗಿದ ಕಡೆ ಕಾಲಿನಿಂದ ಕೆರೆದು ಬೇರನ್ನೂ ತಿಂದಿದ್ದವು. ತೊರೆಯ ಪಕ್ಕದ ಹಸಿರು ಜೌಗು ನೆಲ ಬರೀ ಕೆಸರಾಗಿತ್ತು. ಆ ನೆಲದ ಕೆಳಗಿನಿಂದಲೇ ಊರಿಗೆ ನೀರು ಇಳಿಯುವುದು. ನನಗೆ ಅಳು ಬಂತು. ಇಷ್ಟು ವಯಸ್ಸಾಗಿ, ಎರಡು ಸಲ ಮೂಗು ಮುರಿಸಿಕೊಂಡು, ಹುಲ್ಲಿಗಾಗಿ ಅತ್ತೆ.

ಕಣ್ಣೊರೆಸಿಕೊಂಡು ದೊಣ್ಣೆ ಬೀಸುತ್ತಾ ನುಗ್ಗಿದೆ. "ಹೋಯ್! ಹೋಯ್!"

ಕುರಿಗಳು ದಿಕ್ಕೆಟ್ಟವು. ನೂರು, ಇನ್ನೂರು... ಅಲೆಯ ಹಾಗೆ ಆಚೆ ಸರಿದವು.

ಢಂ!

ನನ್ನ ಕಾಲ ಬಳಿ ಮಣ್ಣು ಹಾರಿತು.

"ಇನ್ನೊಂದು ನಿನ್ನ ಮಂಡಿಗೆ!" ಮೇಲಿನ ಬಂಡೆಯಿಂದ ಬೂಜ್ಮಾ ಕೂಗಿದ. ಪಕ್ಕದಲ್ಲಿ ಪಿಕಪ್, ಅದರಲ್ಲಿ ಮೂವರು.

ಲಾಠಿಯವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತದೆ. ಯಾವಾಗ ಓಡಬೇಕು ಎನ್ನುವುದು.

ಓಡಿದೆ! ಮೊಪೆಡ್ ಹತ್ತಿ ಇಳಿಜಾರಿಗೆ ಬಿಟ್ಟೆ. ಹಿಂದೆ ಪಿಕಪ್ಪಿನ ಸದ್ದು. ಮೊದಲ ತಿರುವು... ದಾಟಿದೆ. ಎರಡನೆಯದು... ಹಿಂದಿನ ಚಕ್ರ ಜಾರಿತು, ಕಾಲೂರಿ ಎತ್ತಿದೆ. ಬ್ರೇಕ್ ಹಿಡಿದೆ.

ಬ್ರೇಕ್ ಇಲ್ಲ!

ತಂತಿ ಜೋಲಾಡುತ್ತಿತ್ತು. ನಾನು ಮಂದೆಯ ಹಿಂದೆ ಬಿದ್ದಿದ್ದಾಗ ಯಾರೋ ಕೈಯಾಡಿಸಿದ್ದರು. ಹಾಜಿ ಎಷ್ಟಾದರೂ ಮುಂಚೆಯೇ ಹೇಳಿ ಮಾಡುವ ಮನುಷ್ಯ.

ಮೂರನೆಯ ತಿರುವು ಕತ್ತರಿಯ ಹಾಗೆ ಮಡಚಿಕೊಂಡಿತ್ತು. ಪಿಕಪ್ ಬೆನ್ನಿಗೆ ತಾಗುವಷ್ಟು ಹತ್ತಿರ. ತಿರುವಿನ ಪಕ್ಕದಲ್ಲೊಂದು ಹೇಸರಗತ್ತೆ ದಾರಿ ಇತ್ತು. ನಾಲ್ಕು ಚಕ್ರಕ್ಕೆ ಅಲ್ಲಿ ಜಾಗವಿಲ್ಲ. ಕಣ್ಣು ಮುಚ್ಚಿದೆ... ಬಿಟ್ಟೆ!

ಕಲ್ಲು. ಮುಳ್ಳು. ಆಕಾಶ. ಮತ್ತೆ ಕಲ್ಲು.

ಮೇಲೆ ಪಿಕಪ್ ಕಿರ್ ಎಂದು ನಿಂತಿತು. ನಾನು ಬಾರ್ಲಿ ಗದ್ದೆಯ ಕಾಲುವೆಯಲ್ಲಿ ಮಕಾಡೆ ಬಿದ್ದಿದ್ದೆ. ಬಾಯಿಯಿಂದ ರಕ್ತ.

ಕಾಲುವೆಯ ಬದುವಿನಲ್ಲಿ ತೂಡತ್ತೆ ಮೇವು ಕೊಯ್ಯುತ್ತಿದ್ದಳು. ಎಪ್ಪತ್ತು ದಾಟಿದ ಒಂಟಿ ಜೀವ. ಇಪ್ಪತ್ತಮೂರು ಕುರಿ ಬಿಟ್ಟರೆ ಬೇರೆ ಆಸ್ತಿ ಇಲ್ಲ. ಕುಡುಗೋಲು ಕೆಳಗಿಡದೆ ನನ್ನನ್ನು ನೋಡಿದಳು.

"ಬಿದ್ಯಾ?"

"ಬಿದ್ದೆ ಅತ್ತೆ."

"ಎಷ್ಟು ಹಲ್ಲು ಹೋದ್ವು?"

"ಎರಡು."

"ತಪ್ಪು ಒಪ್ಕೊಳ್ಳೋಕೆ ಉಳಿದಿರೋವೇ ಸಾಕು. ಏಳು."

ನನ್ನ ಬಾಯಿ ತೊಳೆಸಿದಳು. ಶಾಲಿನ ತುದಿ ಹರಿದು ಹಣೆಗೆ ಕಟ್ಟಿದಳು. ಆಮೇಲೆ ಬದುವಿನ ಮೇಲೆ ಕೂತಳು.

"ನಿಮ್ಮಪ್ಪ ನೀರು ಹಾಕಿದ ದಿನ ನೀನು ಮಾಳಿಗೆ ಮೇಲೆ ಅಳ್ತಾ ಕೂತಿದ್ದೆ. ಊಟ ಆದ್ಮೇಲೆ ಏನಾಯ್ತು, ನೋಡಿದ್ಯಾ?"

"ಇಲ್ಲ. ಮುಖ ಮುಚ್ಕೊಂಡಿದ್ದೆ."

"ಅದೇ ನೋಡು. ಮಾರನೇ ದಿನ ನಿಮ್ಮ ಹೊಲದ ಕಟಾವಿಗೆ ಎಂಟು ಜನ ಬಂದ್ರು. ಯಾರೂ ಕರೆದಿರಲಿಲ್ಲ. ಕಾಯಿಲೆ ಕುರಿಗೆ ಔಷಧಿ ತಂದುಕೊಟ್ಟೋನು ನಮ್ಮ ದಪ್ಪ ಹಮ್ಮೂನ ಅಪ್ಪ. ನಿಮ್ಮಪ್ಪ ಸಾಯೋವರೆಗೂ ಅವನ ಒಂದು ಕುರೀನೂ ಗಡಿ ದಾಟ್ಲಿಲ್ಲ. ಅವತ್ತು ತಪ್ಪು ತೊಳೆದು ಹೋಯ್ತು. ನೀನು ಅದಕ್ಕೆ ರೇಟು ಹಾಕ್ದೆ. ರೇಟು ಹಾಕಿದ್ಮೇಲೆ ಅದು ತಪ್ಪು ಅಲ್ಲ ಕಣೋ, ವ್ಯಾಪಾರ."

ಹಣೆಯ ಪಟ್ಟಿ ಬಿಗಿ ಮಾಡಿಕೊಂಡು ನೆಟ್ಟಗೆ ಕೂತೆ.

"ಮೈಮೂನ್ ಯಾರಿಗೂ ಹೆದರೋನಲ್ಲ ಅತ್ತೆ," ಎಂದೆ.

"ಹೆದರ್ತಾನೆ. ಬೀಗರಿಗೆ!"

ಅವಳು ಮೇವಿನ ಹೊರೆ ಎತ್ತಿ ಹೊರಟಳು. ನಾನು ಕುಂಟುತ್ತಾ ಸಭೆಯ ಹಿರಿಯರ ಮನೆಗಳಿಗೆ ಹೋದೆ.

ಶುಕ್ರವಾರ ಬೆಳಕು ಹರಿಯುವ ಮೊದಲೇ ಹೊರಟೆವು. ಮನೆಗೊಬ್ಬರಂತೆ ನಲವತ್ತು ಜನ. ತೂಡತ್ತೆ ತನ್ನ ಮನೆಗೆ ತಾನೇ ಯಜಮಾನಿ, ಅವಳೂ ಬಂದಳು. ಅವಳಿಗೊಂದು ಹೇಸರಗತ್ತೆ. ಉಳಿದವರದು ಆರು ಗಂಟೆಯ ಕಾಲ್ನಡಿಗೆ. ಯಾರ ಕೈಯಲ್ಲೂ ದೊಣ್ಣೆಯಿಲ್ಲ. ಅದು ಅವಳ ಷರತ್ತು.

"ಹೊಟ್ಟೆ ಚುರುಗುಟ್ತಿದೆ," ಎಂದ ಹಮ್ಮೂ ಅರ್ಧ ದಾರಿಯಲ್ಲಿ. ನಮ್ಮ ಊರಿನ ಅತಿ ದಪ್ಪನೆಯ ಮನುಷ್ಯ ಅವನು.

"ಇವತ್ತು ಹಾಜಿ ಮನೇಲಿ ಉಣ್ಣೋದೇ," ಎಂದೆ. ಹಾಗೆಂದೇ ನಂಬಿದ್ದೆ. ಹೋಗಿ ಕೂರುತ್ತೇವೆ. ಬೀಗರ ಮುಂದೆ ಅವನು ನೀರು ಹಾಕಬೇಕಾಗುತ್ತದೆ. ತಲೆ ತಗ್ಗುತ್ತದೆ. ಕುರಿ ಇಳಿಸುತ್ತಾನೆ. ಇಷ್ಟೇ ನನ್ನ ಲೆಕ್ಕಾಚಾರ.

ಜುಮ್ಮಾ ನಮಾಜ್ ಮುಗಿದಿತ್ತು. ಮೈಮೂನನ ಅಂಗಳದಲ್ಲಿ ಕೆಂಪು ಕಂಬಳಿ ಹಾಸಿದ್ದರು. ಒಳಗಿನಿಂದ ಗೋಧಿರವೆಯ ಕೂಸ್‌ಕೂಸ್‌ನ ಹಬೆ. ಪ್ರವಾದಿಯ ವಂಶದವರೆಂದು ಗೌರವ ಪಡೆಯುವ ಶರೀಫರ ಮನೆಯ ಹಿರಿಯ, ಹುಡುಗಿಯ ಅಪ್ಪ, ದಿಂಬಿಗೆ ಒರಗಿ ಕೂತಿದ್ದ. ಬಿಳಿ ಗಡ್ಡ, ನೇರ ಬೆನ್ನು. ಪೇಟೆಯಲ್ಲಿ ಅವನು ಎದ್ದು ನಿಂತರೆ ಬೀದಿಯೇ ಎದ್ದು ನಿಲ್ಲುತ್ತದೆ.

ಬಾಗಿಲಲ್ಲಿ ಬೂಜ್ಮಾ ಅಡ್ಡ ಬಂದ. ಮೇಲಿನ ಕಾವಲನ್ನು ಬೇರೆಯವರಿಗೆ ಬಿಟ್ಟು ಊಟ ಬಡಿಸಲು ಇಳಿದಿದ್ದ.

"ಎಲ್ಲಿಗೆ?"

"ದೇವರ ಅತಿಥಿಗಳು ಬಂದಿದೀವಿ!" ನಾನು ಅಂಗಳಕ್ಕೆಲ್ಲ ಕೇಳುವಂತೆ ಕೂಗಿದೆ.

ಇನ್ನು ಯಾರು ತಡೆಯುತ್ತಾರೆ? ಶುಕ್ರವಾರ. ಊಟದ ಹೊತ್ತು. ಬೀಗರು ನೋಡುತ್ತಿದ್ದಾರೆ. ನಲವತ್ತು ಜನರೂ ಒಳಗೆ ಹೋಗಿ ಗೋಡೆಗುಂಟ ಕೂತೆವು. ಧೂಳು ಮೆತ್ತಿದ ಕಾಲು, ಹರಿದ ಜುಬ್ಬಾ. ಒಂದು ಮಾತಿಲ್ಲ.

ಮೈಮೂನನ ಮುಖ ಒಂದು ಕ್ಷಣ ಬಿಳುಚಿತು. ಒಂದೇ ಕ್ಷಣ.

ಆಮೇಲೆ ನಕ್ಕ! "ಬನ್ನಿ, ಬನ್ನಿ! ನಮ್ಮ ಅಜ್ಜನ ಊರಿನೋರು!" ಆಳಿನ ಕೈಯಿಂದ ಹೂಜಿ ಕಸಿದುಕೊಂಡ. ತಾನೇ ಬಗ್ಗಿದ. ಒಬ್ಬೊಬ್ಬರ ಮುಂದೆಯೂ ಮಂಡಿಯೂರಿ, ನಗುನಗುತ್ತಾ ನೀರು ಹಾಕುತ್ತಾ ಬಂದ. ಹುಡುಗಿಯ ಅಪ್ಪ ಮೆಚ್ಚಿ ತಲೆದೂಗಿದ. ಎಂಥ ವಿನಯ! ಎಂಥ ದೊಡ್ಡತನ!

ನನ್ನ ಕೈಗೆ ನೀರು ಹಾಕುವಾಗ ಕಿವಿಯ ಬಳಿ ಬಗ್ಗಿದ.

"ಇದೇನಾ ನಿನ್ನ ಕೊನೇ ಅಸ್ತ್ರ?" ಎಂದು ಪಿಸುಗುಟ್ಟಿದ. "ಈ ಊಟ ನನಗೆ ಅರ್ಧ ದಿನದ ಮೇವಿಗಿಂತ ಅಗ್ಗ. ಪ್ರತಿ ಶುಕ್ರವಾರ ಬನ್ನಿ. ಬಾಣಸಿಗನಿಗೆ ಹೇಳಿಡ್ತೀನಿ."

ಮುಗಿಯಿತು! ನಮ್ಮಪ್ಪನನ್ನು ಬಗ್ಗಿಸಿದ್ದು ಇವನನ್ನು ಬಗ್ಗಿಸಲಿಲ್ಲ. ನಮ್ಮಪ್ಪ ಮಾರನೆಯ ದಿನ ಅದೇ ನಲವತ್ತು ಮುಖ ನೋಡಬೇಕಿತ್ತು. ಇವನು ಪೇಟೆಯಲ್ಲಿರುವವನು. ಇವನಿಗೆ ಬಗ್ಗುವುದೂ ಒಂದು ಖರ್ಚು, ಅಷ್ಟೇ.

ಅಗಲವಾದ ಮಣ್ಣಿನ ಪರಾತಗಳು ಬಂದವು. ಬೆಟ್ಟದ ಹಾಗೆ ಕೂಸ್‌ಕೂಸ್. ಮೇಲೆ ಕುಂಬಳ, ಗಜ್ಜರಿ, ಕಡಲೆ. ನೆತ್ತಿಯಲ್ಲಿ ಮಾಂಸ. ಆರು ಗಂಟೆ ನಡೆದ ಹೊಟ್ಟೆಗಳು ಸದ್ದು ಮಾಡಿದವು. ನಿಜವಾಗಿಯೂ ಕೇಳಿಸಿತು.

"ಬಿಸ್ಮಿಲ್ಲಾ, ಉಣ್ಣಿ!" ಎಂದ ಮೈಮೂನ್.

ಹಮ್ಮೂನ ಕೈ ಮುಂದೆ ಚಾಚಿತು.

"ನನಗೆ ಹಸಿವಿಲ್ಲ."

ಬಾಗಿಲ ಪಕ್ಕದಿಂದ ದನಿ. ತೂಡತ್ತೆ! ತೊಳೆದ ಕೈಗಳನ್ನು ಒರೆಸಿಕೊಂಡು ಶಾಲಿನ ಒಳಗೆ ಸೇರಿಸಿಬಿಟ್ಟಿದ್ದಳು.

ಹಮ್ಮೂನ ಕೈ ಗಾಳಿಯಲ್ಲಿ ನಿಂತಿತು. ಅವನು ಮಾಂಸ ನೋಡಿದ. ತೂಡತ್ತೆಯನ್ನು ನೋಡಿದ. ಮತ್ತೆ ಮಾಂಸ ನೋಡಿದ. ಅವನ ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು.

ಕೈ ಹಿಂದಕ್ಕೆ ಎಳೆದುಕೊಂಡ.

"ನನಗೂ... ಹಸಿವಿಲ್ಲ," ಎಂದ. ಅಷ್ಟು ದೊಡ್ಡ ಸುಳ್ಳು ಅವನು ಜನ್ಮದಲ್ಲಿ ಹೇಳಿರಲಿಲ್ಲ.

"ಹಸಿವಿಲ್ಲ," ಎಂದ ಪಕ್ಕದವನು.

"ಹಸಿವಿಲ್ಲ."

"ಹಸಿವಿಲ್ಲ."

ಗೋಡೆಗುಂಟ ಆ ಮಾತು ನಡೆದು ಬಂತು. ನನ್ನ ಹತ್ತಿರ ಬಂದಾಗ ನಾನೂ ಹೇಳಿದೆ. ನಲವತ್ತು ಜೊತೆ ತೊಳೆದ ಕೈಗಳು ಮಡಿಲಲ್ಲಿ ಕೂತವು. ಹಬೆ ಏಳುತ್ತಲೇ ಇತ್ತು.

ನಮ್ಮಲ್ಲಿ ಕೈ ತೊಳೆದು, ಊಟದ ಮುಂದೆ ಕೂತು, ಉಣ್ಣದೇ ಇರುವುದು ಎಂದರೆ ಏನು ಗೊತ್ತೇ? ಆ ಮನೆಯ ಉಪ್ಪು ಹರಾಮ್ ಎಂದಂತೆ. ಬೈದರೆ ತಿರುಗಿ ಬೈಯಬಹುದು. ಹೊಡೆದರೆ ಹೊಡೆಯಬಹುದು. ಇದಕ್ಕೆ ಏನು ಮಾಡುತ್ತೀರಿ?

ಹುಡುಗಿಯ ಅಪ್ಪನ ಕೈಯಲ್ಲಿ ಒಂದು ತುತ್ತು ಇತ್ತು. ಅವನು ಅದನ್ನು ಮೆಲ್ಲಗೆ ಪರಾತದ ಅಂಚಿನಲ್ಲಿ ಇಟ್ಟ.

"ಹಾಜಿಯವರೇ," ಎಂದ ತಣ್ಣಗೆ. "ನಿಮ್ಮ ಸ್ವಂತ ಊರಿನೋರು ನಿಮ್ಮ ಮನೆ ಊಟ ಯಾಕೆ ಮುಟ್ಟಲ್ಲ?"

"ಅಯ್ಯೋ, ಏನಿಲ್ಲ... ಬೆಟ್ಟದ ಜನ, ಸಂಕೋಚ..." ಮೈಮೂನ್ ನಮ್ಮ ಕಡೆ ತಿರುಗಿದ. "ಉಣ್ರಪ್ಪ! ಹಮ್ಮೂ, ಉಣ್ಣೋ! ತೂಡಮ್ಮ, ದೊಡ್ಡೋರು ನೀವೇ ಶುರು ಮಾಡಿ!"

ತೂಡತ್ತೆ ಅವನನ್ನು ನೋಡಲಿಲ್ಲ. ಹುಡುಗಿಯ ಅಪ್ಪನನ್ನು ನೋಡಿದಳು.

"ಯಜಮಾನ್ರೇ, ಈ ಮಾಂಸ ಯಾರ ಹುಲ್ಲು ತಿಂದಿದ್ದು ಅಂತ ಕೇಳಿ. ಗೊತ್ತಾದ್ಮೇಲೆ ನೀವು ಉಂಡ್ರೆ ನಾವೂ ಉಣ್ತೀವಿ."

ಮುದುಕ ಕೇಳಲಿಲ್ಲ. ಕೇಳುವ ಅಗತ್ಯ ಇರಲಿಲ್ಲ. ಅವನು ಎಡಗೈಯನ್ನು ನೆಲಕ್ಕೂರಿ ಏಳಲು ಹೊರಟ.

ಮೈಮೂನನ ಕೈಯಿಂದ ಹೂಜಿ ಬಿತ್ತು.

"ಎಷ್ಟು ಬೇಕು?" ಎಂದು ನನ್ನ ಪಕ್ಕ ಕುಸಿದು ಕೂತು ಹಲ್ಲು ಕಚ್ಚಿದ. "ಹೇಳು ಜಾಯಿದ್, ಎಷ್ಟು?"

"ರೇಟು ಇಲ್ಲ ಹಾಜಿ."

"ಎಲ್ಲದಕ್ಕೂ ಇರತ್ತೆ!"

"ಕುರಿ ಇಳಿಸಿ."

ಅವನು ನನ್ನನ್ನು ನೋಡಿದ. ಆ ನೋಟ ನನಗೆ ಈಗಲೂ ನೆನಪಿದೆ. ದ್ವೇಷ ಇರಲಿಲ್ಲ. ನಿಜಕ್ಕೂ ಅವನಿಗೆ ಅರ್ಥವಾಗಿರಲಿಲ್ಲ. ಅಂಗಳದ ನಡುವೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ.

"ಬೂಜ್ಮಾ... ಟ್ರಕ್ ಕಳಿಸು. ಎಲ್ಲಾ ಇಳಿಸು. ಇವತ್ತೇ."

ಮುದುಕ ಮತ್ತೆ ದಿಂಬಿಗೆ ಒರಗಿದ. ತೂಡತ್ತೆ ಶಾಲಿನಿಂದ ಬಲಗೈ ಹೊರತೆಗೆದಳು.

"ಬಿಸ್ಮಿಲ್ಲಾ," ಎಂದಳು.

ಉಂಡೆವು. ಕೂಸ್‌ಕೂಸ್ ಆರಿಹೋಗಿತ್ತು. ಹಮ್ಮೂ ಮೂವರ ಪಾಲು ಉಂಡ.

ಗೆದ್ದೆವು ಎಂದುಕೊಂಡಿರಾ? ನಾನೂ ಅಂದುಕೊಂಡಿದ್ದೆ.

ಶನಿವಾರ ಸಭೆಯವರೆಲ್ಲ ಅಗ್ದಾಲಿಗೆ ಹತ್ತಿದೆವು. ಮೂರರಲ್ಲಿ ಎರಡು ಪಾಲು ಬೋಳಾಗಿತ್ತು. ಉಳಿದ ಒಂದು ಪಾಲು ಬೀಜಕ್ಕೆ ಬೇಕು. ತೂಡತ್ತೆ ಒಂದು ಹಿಡಿ ಒಣಮಣ್ಣು ಎತ್ತಿ ಊದಿದಳು. ಅದು ಹಾರಿಹೋಯಿತು. ಜುಲೈ ಹತ್ತಕ್ಕೆ ಬಾಗಿಲು ತೆರೆಯುವುದು ಬೇಡ, ಈ ವರ್ಷವಿಡೀ ಬೀಗ ಎಂದು ತೀರ್ಮಾನವಾಯಿತು. ಯಾರೂ ವಾದ ಮಾಡಲಿಲ್ಲ. ಹಮ್ಮೂ ಕೂಡ.

ವರ್ಷವಿಡೀ ಬೀಗ ಎಂದರೆ ನಮ್ಮ ಕುರಿಗೂ ಹುಲ್ಲಿಲ್ಲ. ಹುಲ್ಲಿಲ್ಲದ ಕುರಿಯನ್ನು ಏನು ಮಾಡುತ್ತೀರಿ? ಮಾರುತ್ತೀರಿ. ನಲವತ್ತು ಮನೆಯವರೂ ಒಂದೇ ವಾರ ಸಂತೆಗೆ ಹೊಡೆದುಕೊಂಡು ಹೋದರು. ಎಲುಬು ಎಣಿಸುವ ಹಾಗಿದ್ದ ಕುರಿಗಳು. ಬೆಲೆ ನೆಲ ಕಚ್ಚಿತು. ತೂಡತ್ತೆ ಹತ್ತೊಂಬತ್ತು ಮಾರಿದಳು. ಕೊಂಡವನು ಯಾರು?

ಅವತ್ತು ಸಂತೆಯಲ್ಲಿ ಕೊಳ್ಳುವ ತಾಕತ್ತಿದ್ದವನು ಒಬ್ಬನೇ. ಹಾಜ್ ಮೈಮೂನ್!

ನ್ಯಾಯವಾದ ರೇಟೇ ಕೊಟ್ಟ. ಸಂತೆಯ ರೇಟು.

ಅದೇ ಸಭೆಯಲ್ಲಿ ಇನ್ನೆರಡು ತೀರ್ಮಾನವಾಗಿತ್ತು. ದುಡ್ಡಿನ ದಂಡ ರದ್ದು, ಹಳೆಯ ಪದ್ಧತಿಯೇ ವಾಪಸ್. ನಾನು ಮೊಹರನ್ನು ಕಲ್ಲಿನಿಂದ ಜಜ್ಜಿದೆ. ಆಗ ತೂಡತ್ತೆ ಎದ್ದು ನಿಂತಳು.

"ಬಾಗಿಲು ಮುರಿದೋನು ಉಣಿಸಿದ. ಬೀಗದ ಕೈ ಕೊಟ್ಟೋನು?"

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ತಲೆಯಾಡಿಸಿದೆ. ನನ್ನ ಮೇಲೆ ಅವಳಿಗೆ ಇದ್ದ ಪ್ರೀತಿಯನ್ನು ಅವಳು ಬೇರೆ ಯಾವ ರೀತಿಯಲ್ಲೂ ತೋರಿಸಲಾರಳು.

ನನ್ನ ಹತ್ತಿರ ಒಂದು ಕುರಿಯೂ ಇರಲಿಲ್ಲ. ಹುಲ್ಲಿನ ಯಜಮಾನ ಕುರಿ ಸಾಕುವಂತಿಲ್ಲ. ಹಾಗಾಗಿ ಸಂತೆಗೆ ಹೋದೆ. ನಲವತ್ತು ಜನಕ್ಕೆ ಬಡಿಸಲು ಮೈಕೈ ತುಂಬಿದ ಕುರಿ ಬೇಕು. ಅಂಥದ್ದು ಒಂದೇ ದೊಡ್ಡಿಯಲ್ಲಿತ್ತು. ದೊಡ್ಡಿಯ ಬಾಗಿಲಲ್ಲಿ ಬೂಜ್ಮಾ. ಜಜ್ಜಿಹೋದ ಮೊಪೆಡ್ ಮಾರಿ, ಕೂಡಿಟ್ಟ ದುಡ್ಡೂ ಸೇರಿಸಿದ ಮೇಲೆ ಮೂರು ಬಂದವು.

"ರಸೀದಿ ಬೇಕಾ ಮಾವ?" ಎಂದ.

ಬೇಡ ಎಂದೆ.

ಸಂತೆ ಮುಗಿದ ಮೇಲಿನ ಭಾನುವಾರ ನಲವತ್ತು ಮನೆಯವರೂ ನನ್ನ ಅಂಗಳದಲ್ಲಿ ಕೂತರು. ಹೂಜಿ ಹಿಡಿದೆ. ಬಗ್ಗಿದೆ. ನಮ್ಮಪ್ಪ ಬಗ್ಗಿದ್ದು ಇದೇ ಅಂಗಳದಲ್ಲಿ. ಬೆನ್ನು ನೋಯುತ್ತದೆ ಎಂದುಕೊಂಡಿದ್ದೆ... ನೋಯಲಿಲ್ಲ. ತೂಡತ್ತೆಯ ಕೈಗೆ ನೀರು ಹಾಕುವಾಗ ಅವಳು ನನ್ನ ಬೆರಳನ್ನು ಒಮ್ಮೆ ಒತ್ತಿ ಬಿಟ್ಟಳು.

ಎಲ್ಲರೂ ಉಂಡರು. ಈ ಸಲ ಎಲ್ಲರಿಗೂ ಹಸಿವಿತ್ತು.

ಹಮ್ಮೂ ಮೂಳೆ ಚೀಪುತ್ತಾ ತಲೆಯೆತ್ತಿದ. "ಮಾಂಸ ಬೆಣ್ಣೆ ಇದ್ದಂಗಿದೆ ಜಾಯಿದ್! ಏನು ಹಾಕಿ ಬೆಳೆಸಿದ್ರಂತೆ ಈ ಕುರೀನಾ?"

"ನಮ್ಮ ಹುಲ್ಲು," ಎಂದೆ. ಇನ್ನೊಂದು ತುಂಡು ಅವನ ಮುಂದೆ ಸರಿಸಿದೆ.